ಇಂಗ್ಲಿಷ್ ಮಾತಾಡಲು ಮಕ್ಕಳಿಗೊಂದು ಕಾರಣ ಬೇಕು

ಮಹಾರಾಷ್ಟ್ರದ ಎಸ್ಸೆಸ್ಸಿ ಪರೀಕ್ಷೆಯಲ್ಲಿ ಇಂಗ್ಲಿಷ್ ಸೇರಿದಂತೆ ಭಾಷೆಗಳಿಗೆ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯೇ ಕೊಡುವ ಮೌಖಿಕ ಮತ್ತು ಆಂತರಿಕ ಮೌಲ್ಯಮಾಪನಕ್ಕೆ. ಈ 20 ಅಂಕಗಳದ್ದೇ ಒಂದು ಕಥೆ. ಶಾಲೆಗಳು ಅವನ್ನು ಪ್ರಸಾದದಂತೆ ಹಂಚುತ್ತವೆ ಎಂಬ ದೂರು ಹಳೆಯದು. 2018-19ರಲ್ಲಿ ಅವನ್ನು ತೆಗೆದುಹಾಕಲಾಯಿತು. 2018ರಲ್ಲಿ ಶೇ 89.41 ಇದ್ದ ಫಲಿತಾಂಶ 2019ರಲ್ಲಿ ಶೇ 77.10ಕ್ಕೆ ಇಳಿಯಿತು. ಪಠ್ಯಕ್ರಮವೂ ಅದೇ ವರ್ಷ ಬದಲಾಗಿದ್ದರಿಂದ ಪೂರ್ತಿ ಹೊಣೆಯನ್ನು ಆ 20 ಅಂಕಗಳ ತಲೆಗೆ ಕಟ್ಟುವಂತಿಲ್ಲ. ಆದರೂ ಪೋಷಕರು ಕೂಗೆಬ್ಬಿಸಿದರು, ಅಂಕಗಳು ವಾಪಸ್ ಬಂದವು, 2020ರ ಫಲಿತಾಂಶ ಶೇ 95.30ಕ್ಕೆ ಏರಿತು. ಈ ಜಗ್ಗಾಟದಲ್ಲಿ ಚರ್ಚೆಯೆಲ್ಲ ಶೇಕಡಾವಾರು ಲೆಕ್ಕದ ಸುತ್ತಲೇ ನಡೆಯಿತು. ಮೌಖಿಕ ಪರೀಕ್ಷೆ ಅಂದರೆ ಮಗು ಬಾಯಿ ಬಿಟ್ಟು ಮಾತಾಡಬೇಕಲ್ಲ, ಮಾತಾಡಿತೇ ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಮುಂಬೈಯ ಕನ್ನಡ ಮಾಧ್ಯಮ ಶಾಲೆಗಳ ಮಟ್ಟಿಗೆ ಇದು ಅಂಕದ ಪ್ರಶ್ನೆಯಲ್ಲ, ಉಳಿವಿನ ಪ್ರಶ್ನೆ. ನಾನು ಪವಾಯಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಎರಡು ವರ್ಷದಿಂದ ಬಿಡುವಿರುವ ಶನಿವಾರಗಳಂದು ಮಧ್ಯ ರೈಲ್ವೆಯ ಒಂದು ಉಪನಗರದಲ್ಲಿರುವ ಕನ್ನಡ ಮಾಧ್ಯಮ ಶಾಲೆಗೆ ಹೋಗಿ ಎಂಟು, ಒಂಬತ್ತನೇ ತರಗತಿಯ ಮಕ್ಕಳ ಜೊತೆ ಕೂರುತ್ತೇನೆ. ಹೆಚ್ಚಿನವರ ಅಪ್ಪ ಅಮ್ಮ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಕೆಲವರು ಕರಾವಳಿಯಿಂದ ಬಂದ ಹೋಟೆಲ್ ಕೆಲಸಗಾರರ ಮಕ್ಕಳು. ಮನೆಯಲ್ಲಿ ಕನ್ನಡ, ತುಳು ಇಲ್ಲವೇ ಲಂಬಾಣಿ, ಓಣಿಯಲ್ಲಿ ಹಿಂದಿ, ಬಸ್ಸಿನ ಬೋರ್ಡಿನಲ್ಲಿ, ವಾರ್ಡ್ ಆಫೀಸಿನ ಕಾಗದದಲ್ಲಿ ಮರಾಠಿ. ಹದಿಮೂರು ವರ್ಷದ ಈ ಮಕ್ಕಳು ಮೂರು ಭಾಷೆಗಳನ್ನು ಬೆವರದೆ ಬಳಸುತ್ತಾರೆ. ಒಂದೇ ವಾಕ್ಯದಲ್ಲಿ ಮೂರನ್ನೂ ಬೆರೆಸಿ ರಿಕ್ಷಾದವನ ಜೊತೆ ಜಗಳ ಆಡುತ್ತಾರೆ. ಇಂಗ್ಲಿಷ್ ಬಂತೆಂದರೆ ಮಾತ್ರ ಕಲ್ಲಾಗುತ್ತಾರೆ.

ಇದನ್ನು ಎಲ್ಲರೂ ಭಯ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಭಯ ಇದೆ, ಆದರೆ ಅದು ಎರಡನೆಯದು. ಮೊದಲನೆಯದು, ಈ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಕಾರಣವೇ ಇಲ್ಲ. ತರಗತಿಯಲ್ಲಿ ಟೀಚರಿಗೆ ಕನ್ನಡ ಬರುತ್ತದೆ, ಪಕ್ಕದಲ್ಲಿ ಕೂತವನಿಗೆ ಹಿಂದಿ ಬರುತ್ತದೆ, ಮುಂಬೈಯಲ್ಲಿ ಹಿಂದಿಯಲ್ಲಿ ಆಗದ ಕೆಲಸವೇ ಇಲ್ಲ. ಹೀಗಿರುವಾಗ ‘ವಾಟ್ ಈಸ್ ಯುವರ್ ನೇಮ್’ ಎಂದು ಹೆಸರು ಗೊತ್ತಿರುವ ಟೀಚರೇ ಕೇಳಿದರೆ ಮಗುವಿಗೆ ಅದು ನಾಟಕ ಅನ್ನಿಸುತ್ತದೆ. ನಾಟಕವೇ ಹೌದು. ಮಹಾರಾಷ್ಟ್ರ 2000ನೇ ಇಸವಿಯಲ್ಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರು ಮಾಡಿತು, ಕರ್ನಾಟಕ 2007ರಲ್ಲಿ. ಅಂದರೆ ಇಂದು ಎಂಟನೇ ತರಗತಿಯಲ್ಲಿರುವ ಮಗು ಏಳು ವರ್ಷ ಇಂಗ್ಲಿಷ್ ಓದಿ ಬಂದಿದೆ. ಏಳು ವರ್ಷ ಈಜಿನ ಪುಸ್ತಕ ಓದಿಸಿ, ನೀರನ್ನೇ ತೋರಿಸದಿದ್ದರೆ ಹೇಗೋ ಹಾಗೆ.

ಪೆಟ್ಟು ಬೀಳುವುದು ಹತ್ತನೆಯದು ಮುಗಿದ ಮೇಲೆ. ಹನ್ನೊಂದಕ್ಕೆ ಜೂನಿಯರ್ ಕಾಲೇಜು ಸೇರಿದರೆ ವಿಜ್ಞಾನ, ವಾಣಿಜ್ಯ ಎರಡೂ ಬಹುಪಾಲು ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಶೇ 80 ತೆಗೆದ ಹುಡುಗ ಅಲ್ಲಿ ಕೊನೆಯ ಬೆಂಚಿಗೆ ಹೋಗುತ್ತಾನೆ. ಪಾಠ ಅರ್ಥವಾಗದ್ದಕ್ಕಿಂತ, ಅರ್ಥವಾಗಲಿಲ್ಲ ಎಂದು ಹೇಳಲು ಬಾರದ್ದೇ ದೊಡ್ಡ ಕಷ್ಟ. ನಾನು ಬಲ್ಲ ಒಬ್ಬ ಹುಡುಗ ಗಣಿತದಲ್ಲಿ ತರಗತಿಗೇ ಮೊದಲಿದ್ದವನು. ಗಣಪತಿ ಹಬ್ಬದ ರಜೆಗೆ ಮನೆಗೆ ಬಂದವನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ಅವನ ತಮ್ಮನನ್ನು ಅಪ್ಪ ಏನು ಮಾಡಿದರು ಗೊತ್ತೇ? ಆರನೇ ತರಗತಿಯಿಂದ ತೆಗೆದು ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹಾಕಿದರು. ಕನ್ನಡ ಶಾಲೆಯ ಪಟ್ಟಿಯಿಂದ ಒಂದು ಹೆಸರು ಹೋಯಿತು. ಆ ಅಪ್ಪನನ್ನು ಬೈಯುವ ಹಕ್ಕು ನಮಗ್ಯಾರಿಗೂ ಇಲ್ಲ. ಇದನ್ನು ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ನಮಗೆ ಗೊತ್ತಿದೆ.

ಮುಂಬೈ ಕನ್ನಡಿಗರಿಗೆ ಈ ಸಮಸ್ಯೆ ಹೊಸದಲ್ಲ ಎಂಬುದನ್ನೂ ನೆನೆಯಬೇಕು. ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕಿಗೋ ಕಚೇರಿಗೋ ಸೇರಿದ ಒಂದು ತಲೆಮಾರೇ ಇಲ್ಲಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್‌ನಂಥ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳ ಹೆಸರು ಹೇಳಿದರೆ ಈಗಲೂ ಕಣ್ಣರಳಿಸುವ ಹಿರಿಯರು ಮಾಟುಂಗದಲ್ಲಿ, ಫೋರ್ಟ್‌ನಲ್ಲಿ ಸಿಗುತ್ತಾರೆ. ಅವರಿಗೆ ಇಂಗ್ಲಿಷ್ ಹೇಗೆ ಬಂತು ಎಂದು ನಾನು ಒಬ್ಬಿಬ್ಬರನ್ನು ಕೇಳಿದ್ದೇನೆ. ವ್ಯಾಕರಣ ರಾತ್ರಿ ಶಾಲೆಯಲ್ಲಿ, ಮಾತು ಹೋಟೆಲಿನ ಕೌಂಟರಿನಲ್ಲಿ ಎಂಬುದು ಅವರ ಉತ್ತರ. ಊಟಕ್ಕೆ ಬರುತ್ತಿದ್ದ ಆಫೀಸಿನ ದೊಡ್ಡ ಸಾಹೇಬರಿಗೆ ಉತ್ತರ ಕೊಡಲೇಬೇಕಿತ್ತು. ತಪ್ಪಾದರೂ ಕಾಫಿ ಹೋಗಬೇಕಿತ್ತಲ್ಲ! ಅಲ್ಲಿ ಕಾರಣ ಇತ್ತು, ಕೇಳುವವರೂ ಇದ್ದರು. ಇಂದಿನ ತರಗತಿಯಲ್ಲಿ ಇಲ್ಲದಿರುವುದು ಇವೆರಡೇ.

ಇದಕ್ಕೆ ಈಗ ಎಲ್ಲರೂ ಹೇಳುವ ಮದ್ದು ‘ಪ್ರಾಜೆಕ್ಟ್ ಆಧಾರಿತ ಕಲಿಕೆ’. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲೂ ಅನುಭವದ ಮೂಲಕ ಕಲಿಕೆಯ ಮಾತಿದೆ. ಹೆಸರು ಹೊಸದಾಗಿ ಕಂಡರೂ ವಿಚಾರ ಹಳೆಯದು. ಅಮೆರಿಕದ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ಪದ್ಧತಿಯ ಬಗ್ಗೆ ಬರೆದದ್ದು 1918ರಲ್ಲಿ. ಇದೇ ಮಹಾರಾಷ್ಟ್ರದ ವರ್ಧಾದಲ್ಲಿ ಕೈಕೆಲಸದ ಸುತ್ತ ಇಡೀ ಪಾಠ ಕಟ್ಟಬೇಕೆಂದು ಗಾಂಧೀಜಿ ಸಮ್ಮೇಳನ ಕರೆದದ್ದು 1937ರಲ್ಲಿ. ಆದರೆ ನಮ್ಮ ಶಾಲೆಗಳಲ್ಲಿ ಪ್ರಾಜೆಕ್ಟ್ ಅಂದರೆ ಏನೆಂದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ರಾತ್ರಿ ಒಂಬತ್ತಕ್ಕೆ ಮಗು ‘ನಾಳೆ ಪ್ರಾಜೆಕ್ಟ್ ಕೊಡಬೇಕು’ ಎನ್ನುತ್ತದೆ. ಅಪ್ಪ ಸ್ಟೇಷನರಿ ಅಂಗಡಿಗೆ ಓಡುತ್ತಾನೆ. ಅಂಗಡಿಯವ ‘ಯಾವುದು, ಜಲಮಾಲಿನ್ಯವೋ, ಸ್ವಾತಂತ್ರ್ಯ ಹೋರಾಟಗಾರರೋ?’ ಎಂದು ಚಿತ್ರದ ಹಾಳೆ ಎತ್ತಿ ಕೊಡುತ್ತಾನೆ. ಅಮ್ಮ ಅಂಟಿಸುತ್ತಾಳೆ, ಅಕ್ಕ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಾಳೆ, ಮಗು ನಿದ್ದೆ ಮಾಡುತ್ತದೆ. ಇಡೀ ಮನೆಯ ಕಲಿಕೆ ನಡೆಯುತ್ತದೆ, ಮಗುವೊಂದನ್ನು ಬಿಟ್ಟು. ಇಂಥ ಪ್ರಾಜೆಕ್ಟುಗಳಿಂದ ಇಂಗ್ಲಿಷ್ ಮಾತು ಬರುವುದು ಸಾಧ್ಯವಿಲ್ಲ. ಥರ್ಮೊಕೋಲ್ ಮಾತಾಡುವುದಿಲ್ಲ.

ಸರಿಯಾದ ದಾರಿ ಎಲ್ಲೋ ಫಿನ್‌ಲೆಂಡಿನಲ್ಲಿದೆ ಎಂದು ಹುಡುಕುವ ಮೊದಲು ನಮ್ಮ ಬೆಂಗಳೂರನ್ನೇ ನೋಡಬಹುದಿತ್ತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರು, ಮದ್ರಾಸ್ ಮೊದಲಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅವರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಬೆಂಬಲವೂ ಇತ್ತು. ವ್ಯಾಕರಣದ ಪಾಠಪಟ್ಟಿಯನ್ನು ಪಕ್ಕಕ್ಕಿಟ್ಟು, ಮಕ್ಕಳಿಗೆ ಬಿಡಿಸಬೇಕಾದ ಕೆಲಸ ಕೊಟ್ಟರು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿದರೆ ಹೊತ್ತಿಗೆ ತಲುಪಬಹುದು ಎಂದು ಹೇಳಬೇಕು. ನಕ್ಷೆ ನೋಡಿ ದಾರಿ ತಿಳಿಸಬೇಕು. ತಲೆ ಲೆಕ್ಕದಲ್ಲಿ ಮುಳುಗಿದಾಗ ಭಾಷೆ ತಾನಾಗಿ ಒಳಗೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ಇದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. 1987ರಲ್ಲಿ ಅವರು ಬರೆದ ಪುಸ್ತಕವನ್ನು ಇಂದಿಗೂ ಹೊರದೇಶಗಳಲ್ಲಿ ಶಿಕ್ಷಕರಾಗುವವರು ಓದುತ್ತಾರೆ. ನಾನು ಮಾತಾಡಿಸಿದ ಬೆಂಗಳೂರಿನ ಮೂವರು ಇಂಗ್ಲಿಷ್ ಶಿಕ್ಷಕರಲ್ಲಿ ಒಬ್ಬರಿಗೂ ಈ ಹೆಸರು ಗೊತ್ತಿರಲಿಲ್ಲ. ಹಿತ್ತಲ ಗಿಡದ ಕಥೆ.

ಪ್ರಭು ಅವರಿಂದ ಕಲಿಯಬೇಕಾದದ್ದು ಎರಡಿದೆ, ಒಂದು ಸಿಹಿ, ಒಂದು ಕಹಿ. ಸಿಹಿ ಏನೆಂದರೆ ಕೆಲಸದ ಮಟ್ಟ ಹೇಗಿರಬೇಕೆಂಬ ಅವರ ಸರಳ ಅಳತೆ: ತರಗತಿಯ ಅರ್ಧದಷ್ಟು ಮಕ್ಕಳಿಗಾದರೂ ಕೆಲಸದ ಅರ್ಧದಷ್ಟಾದರೂ ಸಾಧ್ಯವಾಗಬೇಕು. ತೀರಾ ಸುಲಭವಾದರೆ ಮಕ್ಕಳು ಆಕಳಿಸುತ್ತಾರೆ, ತೀರಾ ಕಷ್ಟವಾದರೆ ಕೈಬಿಡುತ್ತಾರೆ. ಕಹಿ ಏನೆಂದರೆ, ಇಂದು ಪ್ರಾಜೆಕ್ಟ್ ಎಂದ ಕೂಡಲೇ ಗುಂಪು ಮಾಡಿ ಕೂರಿಸುತ್ತೇವಲ್ಲ, ಪ್ರಭು ಅದನ್ನು ಬೇಕೆಂದೇ ದೂರವಿಟ್ಟಿದ್ದರು. ಮಕ್ಕಳು ಮಕ್ಕಳ ಇಂಗ್ಲಿಷನ್ನೇ ಕೇಳುತ್ತಾ ಹೋದರೆ ತಪ್ಪುಗಳೇ ಗಟ್ಟಿಯಾಗುತ್ತವೆ ಎಂಬ ಆತಂಕ ಅವರದು. ಪ್ರಯೋಗದ ಕೊನೆಗೆ ಹೊರಗಿನವರು ನಡೆಸಿದ ಮೌಲ್ಯಮಾಪನವೂ ಒಟ್ಟಾರೆ ಪ್ರಯೋಗದ ಕಡೆಗೆ ವಾಲಿತಾದರೂ, ವ್ಯಾಕರಣದ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಹಿಂದೆ ಬೀಳಲಿಲ್ಲ. ಹಾಗಾಗಿ ಪ್ರಾಜೆಕ್ಟ್ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರನ್ನು ಕಂಡರೆ ನಾನು ಸ್ವಲ್ಪ ದೂರ ನಿಲ್ಲುತ್ತೇನೆ.

ಮುಂಬೈಯ ತರಗತಿಯಲ್ಲಿ ಗುಂಪು ಮಾಡಿದರೆ ಕೆಟ್ಟ ಇಂಗ್ಲಿಷ್ ಗಟ್ಟಿಯಾಗುವ ಭಯವೂ ಇಲ್ಲ, ಏಕೆಂದರೆ ಇಂಗ್ಲಿಷೇ ಹುಟ್ಟುವುದಿಲ್ಲ. ಐದು ನಿಮಿಷಕ್ಕೆ ಎಲ್ಲವೂ ಹಿಂದಿ. ನಾವು ಅದನ್ನು ತಡೆಯಲು ಹೋಗಲಿಲ್ಲ. ಯೋಜನೆ, ಜಗಳ, ಲೆಕ್ಕ ಎಲ್ಲ ಕನ್ನಡದಲ್ಲೋ ಹಿಂದಿಯಲ್ಲೋ ನಡೆಯಲಿ. ಇಂಗ್ಲಿಷ್ ಬೇಕಾಗುವುದು ಕೊನೆಯ ಮೆಟ್ಟಿಲಲ್ಲಿ, ಕನ್ನಡವೂ ಹಿಂದಿಯೂ ಮರಾಠಿಯೂ ಬಾರದ ಒಬ್ಬ ಮನುಷ್ಯನಿಗೆ ತಾವು ಕಂಡುಕೊಂಡದ್ದನ್ನು ತಿಳಿಸುವಾಗ. ಅಂಥ ಮನುಷ್ಯರು ಮುಂಬೈ ಓಣಿಯಲ್ಲಿ ಸಿಗುವುದು ಕಷ್ಟ. ನನ್ನ ಕಂಪನಿಯ ಚೆನ್ನೈ ಮತ್ತು ಕೊಚ್ಚಿ ಕಚೇರಿಗಳಲ್ಲಿ ಬೇಕಾದಷ್ಟಿದ್ದಾರೆ.

ಕಳೆದ ವರ್ಷ ಒಂಬತ್ತನೇ ತರಗತಿ ಆರಿಸಿಕೊಂಡ ವಿಷಯ ನೀರು. ಮುಂಬೈಗೆ ನೀರು ಬರುವುದು ಏಳು ಕೆರೆ, ಜಲಾಶಯಗಳಿಂದ: ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ್, ಮೇಲಿನ ಮತ್ತು ನಡುವಿನ ವೈತರಣಾ, ಭಾತ್ಸಾ. ಪಠ್ಯಪುಸ್ತಕದ ಪ್ರಕಾರ ಅಲ್ಲಿಗೆ ವಿಷಯ ಮುಗಿಯಿತು. ನಾವು ಅಲ್ಲಿಂದ ಶುರು ಮಾಡಿದೆವು. ಎರಡು ವಾರ ಪ್ರತಿ ಮಗು ತನ್ನ ಓಣಿಯ ನಲ್ಲಿಯಲ್ಲಿ ನೀರು ಬಂದ ಹೊತ್ತು, ನಿಂತ ಹೊತ್ತು, ಮನೆಯವರು ತುಂಬಿದ ಕೊಡಗಳ ಸಂಖ್ಯೆ, ತುಂಬಿದವರು ಯಾರು, ಇಷ್ಟನ್ನು ಬರೆದಿಡಬೇಕು. ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ, ಅಷ್ಟೇ. ಎರಡು ವಾರ ಕಳೆದಾಗ ಬೋರ್ಡಿನ ಮೇಲೆ ಮೂಡಿದ ಚಿತ್ರ ನೋಡಿ ಟೀಚರೇ ಸುಮ್ಮನಾದರು. ಗುಡ್ಡದ ಮೇಲಿನ ಓಣಿಗೆ ಬೆಳಗಿನ ಜಾವ ನಾಲ್ಕಕ್ಕೆ ನೀರು, ಕೆಳಗಿನ ಓಣಿಗೆ ಆರೂವರೆಗೆ. ತುಂಬುವವರ ಪಟ್ಟಿಯಲ್ಲಿ ಅಮ್ಮ, ಅಕ್ಕ, ನಾನು ಎಂದು ಬರೆದವರೇ ಹೆಚ್ಚು. ಅಪ್ಪ ಎಂದು ಬರೆದವರು ಬೆರಳೆಣಿಕೆ. ಮೊದಲ ತಾಸಿನಲ್ಲಿ ತೂಕಡಿಸುವ ಹುಡುಗಿಯರು ಯಾರು, ಯಾಕೆ ಎಂದು ಆ ದಿನ ಎಲ್ಲರಿಗೂ ಗೊತ್ತಾಯಿತು.

ಇದನ್ನು ವಿಡಿಯೊ ಕರೆಯಲ್ಲಿ ನನ್ನ ಇಬ್ಬರು ಸಹೋದ್ಯೋಗಿಗಳಿಗೆ ವಿವರಿಸಬೇಕು. ಅದಕ್ಕೆ ಮುಂಚಿನ ಎರಡು ಶನಿವಾರ ತಯಾರಿ, ಮತ್ತು ಈ ತಯಾರಿಯಲ್ಲಿ ಟೀಚರೇ ಮುಂದೆ ನಿಂತರು. ಪ್ರಭು ಅವರ ಎಚ್ಚರಿಕೆ ಇಲ್ಲಿ ಕೆಲಸಕ್ಕೆ ಬಂತು. ಬೇಕಾಗುವ ಇಂಗ್ಲಿಷನ್ನು ಟೀಚರ್ ಎಲ್ಲರ ಮುಂದೆ ಆಡಿ ತೋರಿಸಿದರು. ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಓಣಿಯ ಮಟ್ಟಿಗೆ ಅದನ್ನು ತಿರುಗಿಸಿಕೊಂಡರು. ಉರು ಹೊಡೆಯಲು ಬರೆದುಕೊಡಬಾರದು ಎಂಬುದೊಂದೇ ನಿಯಮ. ಕಡ್ಡಾಯವೂ ಇರಲಿಲ್ಲ. ‘ನಾ ಹೇಳಂಗಿಲ್ರಿ ಸರ್’ ಎಂದವರು ನಕ್ಷೆ ಹಿಡಿದು ನಿಲ್ಲಬಹುದಿತ್ತು.

ಕರೆಯ ದಿನ ಮೊದಲ ಐದು ನಿಮಿಷ ಗಿಳಿಪಾಠವೇ ಆಯಿತು. ತಿರುವು ಬಂದದ್ದು ಕೊಚ್ಚಿಯಿಂದ ಒಂದು ಪ್ರಶ್ನೆ ಬಂದಾಗ: ಬೆಳಗಿನ ನಾಲ್ಕಕ್ಕೆ ಎದ್ದು ನೀರು ತರುವವರು ಯಾರು? ಉತ್ತರಿಸಬೇಕಾದ ಹುಡುಗ ತಡವರಿಸಿದ. ನಕ್ಷೆ ಹಿಡಿದು ನಿಂತಿದ್ದ ಹುಡುಗಿ, ‘ಹೇಳಂಗಿಲ್ಲ’ ಎಂದವಳೇ, ಮುಂದೆ ಬಂದು ‘ಮೈ ಮದರ್ ಫಿಲ್. ಐ ಕ್ಯಾರಿ. ಫೈವ್ ಹಂಡಾ’ ಎಂದಳು. ‘ಹಂಡಾ ಅಂದರೇನು?’ ಎಂದು ಆ ಕಡೆಯಿಂದ ಕೇಳಿದರು. ಅವಳು ನಮ್ಮ ಕಡೆ ನೋಡಿದಳು, ಯಾರೂ ಬಾಯಿ ಬಿಡಲಿಲ್ಲ. ಕೈಯಲ್ಲಿ ಆಕಾರ ತೋರಿಸಿ, ‘ವಾಟರ್ ಪಾಟ್. ಬಿಗ್. ಹಿಯರ್,’ ಎಂದು ಸೊಂಟ ಮುಟ್ಟಿದಳು. ‘ಸ್ಟೆಪ್ಸ್ ಮೆನಿ. ವಾಟರ್ ಫಾಲ್. ಎಗೇನ್ ಗೋ.’ ಮೆಟ್ಟಿಲು ಎಷ್ಟು ಎಂದು ಅವರು ಕೇಳಿದರು. ಅವಳಿಗೆ ಸಂಖ್ಯೆ ಗೊತ್ತಿತ್ತು. ಹಾಗೆ ಏಳೆಂಟು ನಿಮಿಷ ಮಾತು ನಡೆಯಿತು. ಆ ಮಾತಿನಲ್ಲಿ ಒಂದೂ ಪೂರ್ಣ ವಾಕ್ಯ ಇರಲಿಲ್ಲ, ಒಂದೂ ಸುಳ್ಳು ವಾಕ್ಯವೂ ಇರಲಿಲ್ಲ.

ನಮ್ಮ ಐಟಿ ಕಚೇರಿಗಳಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ವಾರದ ಮೀಟಿಂಗಿನಲ್ಲಿ ತುಟಿ ಬಿಚ್ಚದ ಹುಡುಗ ತಾನೇ ಬರೆದ ಕೋಡಿನ ಡೆಮೊ ಕೊಡುವ ದಿನ ಇಪ್ಪತ್ತು ನಿಮಿಷ ನಿಲ್ಲದೆ ಮಾತಾಡುತ್ತಾನೆ. ಅವನ ಇಂಗ್ಲಿಷ್ ರಾತ್ರೋರಾತ್ರಿ ಸುಧಾರಿಸಿರುವುದಿಲ್ಲ. ಆ ವಿಷಯ ಆ ಕೋಣೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ, ಅಷ್ಟೇ. ಹಾವೇರಿ ಜಿಲ್ಲೆಯ ಕನ್ನಡ ಮಾಧ್ಯಮದಿಂದ ಬಂದು ಎಂ.ಟೆಕ್ ಮಾಡಿದ ನನಗೂ ಮಾತು ಬಿಟ್ಟಿದ್ದು ಭಾಷೆಯ ತರಗತಿಯಲ್ಲಲ್ಲ, ಪ್ರಯೋಗಾಲಯದಲ್ಲಿ ಯಂತ್ರ ಕೆಟ್ಟಾಗ ಅದನ್ನು ಬಿಹಾರದ ಗೆಳೆಯನಿಗೂ ತಮಿಳುನಾಡಿನ ಗೆಳತಿಗೂ ಒಟ್ಟಿಗೇ ವಿವರಿಸಬೇಕಾಗಿ ಬಂದಾಗ.

ಅಡ್ಡಿಗಳಿಲ್ಲವೇ? ಇವೆ, ಮತ್ತು ಅವು ನೆಪಗಳಲ್ಲ. ಶಿಕ್ಷಕರಿಗೆ ಪೋರ್ಷನ್ ಮುಗಿಸಬೇಕು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಓಡಬೇಕು. ರಾತ್ರಿ ಶಾಲೆಗಳಿಗಂತೂ ದಿನಕ್ಕೆ ಮೂರು ತಾಸೂ ಸರಿಯಾಗಿ ಸಿಗುವುದಿಲ್ಲ. ಇನ್ನೊಂದು ಸಂಕೋಚದ ಮಾತು: ಎಷ್ಟೋ ಇಂಗ್ಲಿಷ್ ಶಿಕ್ಷಕರಿಗೂ ಇಂಗ್ಲಿಷ್ ಮಾತಾಡಲು ಅಳುಕು. ಅವರೂ ಇದೇ ಪದ್ಧತಿಯಲ್ಲಿ ಕಲಿತು ಬಂದವರು. ಅವರನ್ನು ತರಬೇತಿ ಶಿಬಿರಕ್ಕೆ ಕರೆದು ಎಂಟು ತಾಸು ಸ್ಲೈಡ್ ತೋರಿಸಿದರೆ ಅಳುಕು ಹೋಗದು. ವರ್ಷಕ್ಕೆ ಎರಡೇ ಪ್ರಾಜೆಕ್ಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದ ದಿನ ಪಾಠ, ವ್ಯಾಕರಣ ಎಲ್ಲ ನಡೆಯಲಿ. ಆ ಹುಡುಗಿ ‘ಮದರ್ ಫಿಲ್’ ಎಂದದ್ದನ್ನು ಆ ಕ್ಷಣ ಯಾರೂ ತಿದ್ದಲಿಲ್ಲ, ಸರಿ. ಸೋಮವಾರದ ತರಗತಿಯಲ್ಲಿ ಟೀಚರ್ ‘ಫಿಲ್ಸ್’ ಯಾಕೆ ಎಂದು ವಿವರಿಸಿದಾಗ ಮಾತ್ರ ಇಡೀ ತರಗತಿ ಕಿವಿಗೊಟ್ಟಿತು. ತಾವು ಆಡಿದ ಮಾತಿನ ವ್ಯಾಕರಣ ಬೇರೆ, ಪುಸ್ತಕದ ರಾಮ ಮಾವು ತಿನ್ನುವ ವ್ಯಾಕರಣ ಬೇರೆ.

ಸಮಯವನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಮೊದಲೇ ಹೇಳಿದ 20 ಅಂಕಗಳಿವೆಯಲ್ಲ! ಇಲ್ಲಿ ಹತ್ತನೇ ತರಗತಿಯ ಮೌಖಿಕಕ್ಕೆ, ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಯ ಆಂತರಿಕ ಮೌಲ್ಯಮಾಪನಕ್ಕೆ ಅವು ಆಗಲೇ ಮೀಸಲಾಗಿವೆ. ಮಗು ಹೊರಗಿನ ಒಬ್ಬ ಕೇಳುಗನಿಗೆ ತನ್ನ ಕೆಲಸ ವಿವರಿಸಿ, ಮೂರು ಪ್ರಶ್ನೆಗೆ ಹೇಗೋ ಒಂದು ಉತ್ತರ ಕೊಟ್ಟದ್ದನ್ನೇ ಮೌಖಿಕ ಎಂದು ಪರಿಗಣಿಸಿದರೆ ಪ್ರಸಾದ ಹಂಚುವ ಆರೋಪವೂ ತಪ್ಪುತ್ತದೆ. ಇದನ್ನು ಮಾಡಲು ಹೊಸ ಕಾನೂನು ಬೇಕಿಲ್ಲ, ಮುಖ್ಯ ಶಿಕ್ಷಕರ ಒಪ್ಪಿಗೆ ಸಾಕು.

ಇದೆಲ್ಲ ಕನ್ನಡಕ್ಕೆ ದ್ರೋಹವಲ್ಲವೇ ಎಂದು ಸಂಘದ ಹಿರಿಯರೊಬ್ಬರು ಕೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಮುಂಬೈಯ ಕನ್ನಡ ಶಾಲೆಗಳಿಂದ ಮಕ್ಕಳು ಹೋಗುತ್ತಿರುವುದು ಅಲ್ಲಿ ಕನ್ನಡ ಇದೆ ಎಂದಲ್ಲ, ಇಂಗ್ಲಿಷ್ ಬರುವುದಿಲ್ಲ ಎಂಬ ನಂಬಿಕೆಯಿಂದ. ಅದೇ ಕಟ್ಟಡದಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದು ಬಿಡುವುದು ಆಡಳಿತ ಮಂಡಳಿಗಳಿಗೆ ಸುಲಭದ ದಾರಿಯಾಗಿದೆ. ಆ ತರಗತಿಗಳಲ್ಲೂ ಮಕ್ಕಳು ವಿಜ್ಞಾನವನ್ನು ಉರು ಹೊಡೆಯುತ್ತಾರೆ, ಮಾತು ಹಿಂದಿಯಲ್ಲೇ ನಡೆಯುತ್ತದೆ. ನೀರಿನ ಪ್ರಾಜೆಕ್ಟಿನಲ್ಲಿ ಮಕ್ಕಳು ಯೋಚಿಸಿದ್ದು ಕನ್ನಡದಲ್ಲಿ. ಗುಡ್ಡದ ಓಣಿಗೆ ನೀರಿನ ಒತ್ತಡ ಯಾಕೆ ಕಡಿಮೆ ಎಂದು ಅವರು ವಾದಿಸಿದ್ದು ಕಲಬುರಗಿಯ ಕನ್ನಡದಲ್ಲಿ, ಅದೂ ಬಹಳ ಚೆನ್ನಾಗಿ. ಯೋಚನೆ ಗಟ್ಟಿಯಾಗಿದ್ದರಿಂದಲೇ ಮುರುಕು ಇಂಗ್ಲಿಷ್ ಕೂಡ ಅದನ್ನು ಹೊತ್ತು ನಿಂತಿತು.

ಹೊರನಾಡಿನಲ್ಲಿರುವ ನಮ್ಮಿಂದ ಇಲ್ಲಿ ಆಗಬಹುದಾದ ಕೆಲಸ ಒಂದಿದೆ, ಮತ್ತು ಅದು ಚಂದಾ ಎತ್ತುವುದಲ್ಲ. ಪುಣೆ, ಹೈದರಾಬಾದ್, ಚೆನ್ನೈ, ದುಬೈ ಎಲ್ಲಿದ್ದರೂ ನಿಮ್ಮ ಪಕ್ಕದ ಸೀಟಿನಲ್ಲಿ ಕನ್ನಡವೂ ಹಿಂದಿಯೂ ಬಾರದ ಒಬ್ಬರಿದ್ದಾರೆ. ಶಾಲೆಗಳಿಗೆ ಬೇಕಾಗಿರುವುದು ಅವರ ಅರ್ಧ ತಾಸು. ನಿಮ್ಮ ಊರಿನ ಶಾಲೆಯ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಒಂದು ಶನಿವಾರ ನಿಗದಿ ಮಾಡಿ, ಆ ಸಹೋದ್ಯೋಗಿಯನ್ನು ಕೂರಿಸಿ. ಅವರಿಗೆ ಮೊದಲೇ ಎರಡು ಮಾತು ಹೇಳಿರಬೇಕು: ಮಕ್ಕಳ ಇಂಗ್ಲಿಷನ್ನು ಹೊಗಳಬೇಡಿ, ತಿದ್ದಲೂ ಬೇಡಿ, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಮತ್ತೆ ಕೇಳಿ. ನೀವು ಮಾತ್ರ ಮ್ಯೂಟ್‌ನಲ್ಲಿರಿ. ಮಗು ತಡವರಿಸಿದಾಗ ಕನ್ನಡದಲ್ಲಿ ನೆರವಾಗುವ ಆಸೆ ಬಹಳ ಬರುತ್ತದೆ.

ನಮ್ಮ ಶಾಲೆಯ ಈ ವರ್ಷದ ವಿಷಯ ವಡಾಪಾವ್. ಸ್ಟೇಷನ್ ಹೊರಗಿನ ಗಾಡಿಯವನಿಗೆ ಒಂದು ವಡಾಪಾವಿನಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ. ಆಲೂಗಡ್ಡೆ, ಎಣ್ಣೆ, ಗ್ಯಾಸ್, ಪಾವಿನ ದರ ಎಲ್ಲ ಬರೆದಾಗಿದೆ. ಗಾಡಿಯವನು ಒಂದು ಖರ್ಚನ್ನು ಮಾತ್ರ ಹೇಳಲು ಒಪ್ಪುತ್ತಿಲ್ಲವಂತೆ, ಹುಡುಗರು ಅದರ ಬೆನ್ನು ಬಿದ್ದಿದ್ದಾರೆ. ಚೆನ್ನೈಯ ಸಹೋದ್ಯೋಗಿ ಒಪ್ಪಿದ್ದಾರೆ. ವಡಾಪಾವ್ ಎಂದರೇನೆಂದೇ ಗೊತ್ತಿಲ್ಲದ ಎರಡನೇ ಕೇಳುಗರನ್ನು ಹುಡುಕುತ್ತಿದ್ದೇವೆ.